ರೇರ್ ಅರ್ತ್ ಚಿನ್ನಕ್ಕಿಂತ ಅಪರೂಪವೇ? ಈ ಪ್ರಶ್ನೆಗೆ ನೂರು ವರ್ಷ ಹಿಂದೆಯೇ ಉತ್ತರ ಹುಡುಕಿದ ಗೋಲ್ಡ್‌ಶ್ಮಿಟ್

ಈಚೆಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ. ರೇರ್ ಅರ್ತ್ ಎಂಬ ಮಣ್ಣು ಚಿನ್ನಕ್ಕಿಂತಲೂ ಅಪರೂಪ, ಅದು ಚೀನಾದಲ್ಲಿ ಮಾತ್ರ ಸಿಗುತ್ತದೆ, ಅದಿಲ್ಲದೆ ನಾಳೆಯಿಂದ ಮೊಬೈಲೂ ಇಲ್ಲ, ಎಲೆಕ್ಟ್ರಿಕ್ ಕಾರೂ ಇಲ್ಲ ಎಂಬುದು ಅದರ ಸಾರ. ಓದುಗರೊಬ್ಬರು ಅದನ್ನು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ.

ಮೊಬೈಲ್ ಮತ್ತು ಕಾರಿನ ಮಾತಿನಲ್ಲಿ ಸ್ವಲ್ಪ ನಿಜವಿದೆ. ನೀವು ಈಗ ಕೈಯಲ್ಲಿ ಹಿಡಿದಿರುವ ಫೋನಿನ ಸ್ಪೀಕರ್‌ನಲ್ಲಿ, ಕರೆ ಬಂದಾಗ ನಡುಗುವ ಪುಟ್ಟ ಮೋಟಾರಿನಲ್ಲಿ ನಿಯೋಡೈಮಿಯಂ ಎಂಬ ಲೋಹ ಸೇರಿಸಿದ ಅಯಸ್ಕಾಂತ ಇರುತ್ತದೆ. ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳ ಮೋಟಾರಿನಲ್ಲಿ ಅದೇ ಅಯಸ್ಕಾಂತ ದೊಡ್ಡ ಗಾತ್ರದಲ್ಲಿರುತ್ತದೆ. ಉಳಿದ ಎರಡು ಮಾತು ಮಾತ್ರ ತಪ್ಪು. ರೇರ್ ಅರ್ತ್ ಎಂಬುದು ಒಂದು ಲೋಹವಲ್ಲ, 17 ಧಾತುಗಳ ಗುಂಪು. ಅದು ಮಣ್ಣೂ ಅಲ್ಲ. 18ನೇ ಶತಮಾನದ ರಸಾಯನ ವಿಜ್ಞಾನಿಗಳು ಸುಲಭಕ್ಕೆ ಕರಗದ, ಕಾಯಿಸಿದರೂ ಬದಲಾಗದ ಲೋಹದ ಆಕ್ಸೈಡುಗಳನ್ನೆಲ್ಲ ಅರ್ತ್ ಎಂದೇ ಕರೆಯುತ್ತಿದ್ದರು. ಸ್ವೀಡನ್ನಿನ ಇಟ್ಟರ್ಬಿ ಎಂಬ ಹಳ್ಳಿಯ ಗಣಿಯಲ್ಲಿ 1787ರಲ್ಲಿ ಸಿಕ್ಕ ಒಂದು ಕಪ್ಪು ಕಲ್ಲಿನಿಂದ ಈ ಕಥೆ ಶುರುವಾಯಿತು. ಆಗ ಆ ಕಲ್ಲು ಬೇರೆಲ್ಲೂ ಕಂಡಿರಲಿಲ್ಲ, ಹಾಗಾಗಿ ವಿರಳ ಎಂಬ ವಿಶೇಷಣ ಅಂಟಿತು. ಹೆಸರು ಅಂಟಿದರೆ ಬಿಡುವುದು ಕಷ್ಟ. ನಮ್ಮಲ್ಲಿ ಮದುವೆಯಾಗಿ ಮೊಮ್ಮಕ್ಕಳಾದವರನ್ನೂ ಊರಲ್ಲಿ ಪುಟ್ಟ ಎಂದೇ ಕರೆಯುವುದಿಲ್ಲವೇ, ಹಾಗೆ.

ಈ ಗುಂಪಿನ ಸೀರಿಯಂ ಎಂಬ ಧಾತು ಭೂಮಿಯ ಹೊರಪದರದಲ್ಲಿ ಸರಿಸುಮಾರು ತಾಮ್ರದಷ್ಟೇ ಇದೆ. ಒಂದು ಟನ್ ಸಾಮಾನ್ಯ ಬಂಡೆಯನ್ನು ಪುಡಿ ಮಾಡಿದರೆ ಸರಾಸರಿ 60 ಗ್ರಾಂ ಸೀರಿಯಂ ಸಿಗಬೇಕು. ಅದೇ ಒಂದು ಟನ್ನಿನಲ್ಲಿ ಚಿನ್ನ ಇರುವುದು ಕೆಲವೇ ಮಿಲಿಗ್ರಾಂ. ಈ ಗುಂಪಿನಲ್ಲಿ ಅತ್ಯಂತ ಕಡಿಮೆ ಇರುವ ಥೂಲಿಯಂ, ಲುಟೇಶಿಯಂಗಳು ಕೂಡ ಚಿನ್ನಕ್ಕಿಂತ 100 ಪಟ್ಟಿಗೂ ಹೆಚ್ಚಿವೆ.

ಹಾಗಾದರೆ ಇಷ್ಟೊಂದು ಗಲಾಟೆ ಏಕೆ? ಇರುವುದು ಬೇರೆ, ಒಂದೆಡೆ ಗುಡ್ಡೆಯಾಗಿ ಸಿಗುವುದು ಬೇರೆ. ಜಗತ್ತಿನ ಬಂಡೆಗಳಲ್ಲೆಲ್ಲ ಚಿಟಿಕೆ ಚಿಟಿಕೆಯಾಗಿ ಚದುರಿ ಹೋಗಿರುವ ಈ ಧಾತುಗಳು ಕೆಲವೇ ಜಾಗಗಳಲ್ಲಿ ಒಟ್ಟುಗೂಡಿ ಅದಿರಾಗಿವೆ. ಯಾವ ಧಾತು ಎಲ್ಲಿ ಸೇರುತ್ತದೆ, ಏಕೆ ಸೇರುತ್ತದೆ ಎಂದು ಮೊದಲ ಬಾರಿಗೆ ಲೆಕ್ಕ ಹಾಕಿ ತೋರಿಸಿದವರು ವಿಕ್ಟರ್ ಗೋಲ್ಡ್‌ಶ್ಮಿಟ್. ಇವತ್ತಿನ ಬರಹ ಅವರ ಬದುಕಿನ ಬಗ್ಗೆ. ಫಾರ್ವರ್ಡ್‌ಗೆ ಉತ್ತರ ಆ ಬದುಕಿನೊಳಗೇ ಇದೆ.

ಬಂಡೆಗಳ ಊರಿಗೆ ಬಂದ ಹುಡುಗ

ವಿಕ್ಟರ್ ಹುಟ್ಟಿದ್ದು 1888ರ ಜನವರಿ 27ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ತಂದೆ ಹೈನ್ರಿಕ್ ಗೋಲ್ಡ್‌ಶ್ಮಿಟ್ ರಸಾಯನ ವಿಜ್ಞಾನದ ಮೇಷ್ಟ್ರು. ತಮ್ಮ ಹಿರಿಯ ಸಹೋದ್ಯೋಗಿ ವಿಕ್ಟರ್ ಮೇಯರ್ ಎಂಬ ರಸಾಯನ ವಿಜ್ಞಾನಿಯ ಹೆಸರನ್ನೇ ಮಗನಿಗೆ ಇಟ್ಟರು. ತಂದೆಗೆ ಕೆಲಸ ಸಿಕ್ಕ ಕಡೆಗೆಲ್ಲ ಸಂಸಾರ ಹೊರಟಿತು: ಆಮ್‌ಸ್ಟರ್‌ಡ್ಯಾಮ್, ಹೈಡೆಲ್‌ಬರ್ಗ್, ಕೊನೆಗೆ 1901ರಲ್ಲಿ ನಾರ್ವೆಯ ಕ್ರಿಸ್ಟಿಯಾನಿಯಾ. ಇಂದಿನ ಓಸ್ಲೋ ನಗರದ ಆಗಿನ ಹೆಸರು ಅದು.

ಕಲ್ಲುಗಳ ಹುಚ್ಚಿರುವ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಊರು ಸಿಗಲಾರದು. ಓಸ್ಲೋ ಸುತ್ತಮುತ್ತ ಕೋಟ್ಯಂತರ ವರ್ಷಗಳ ಹಿಂದೆ ಭೂಮಿ ಸೀಳಿ, ಒಳಗಿನ ಶಿಲಾಪಾಕ ಮೇಲೆದ್ದು ಹಳೆಯ ಸುಣ್ಣದ ಕಲ್ಲು, ಜೇಡಿಕಲ್ಲುಗಳನ್ನು ಬೇಯಿಸಿಬಿಟ್ಟಿತ್ತು. ಆ ಪ್ರದೇಶವನ್ನು ಅಂಗೈಯಂತೆ ಬಲ್ಲವರು ವಾಲ್ಡೆಮರ್ ಬ್ರೋಗರ್. 1905ರಲ್ಲಿ ವಿಶ್ವವಿದ್ಯಾಲಯ ಸೇರಿದ ವಿಕ್ಟರ್‌ಗೆ ಅವರೇ ಗುರು. ಈ ಗುರುವಿನ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತಾರೆ.

1911ರಲ್ಲಿ, 23ನೇ ವಯಸ್ಸಿಗೆ, ವಿಕ್ಟರ್ ಬರೆದ ಡಾಕ್ಟರೇಟ್ ಪ್ರಬಂಧ ಆ ಬೆಂದ ಕಲ್ಲುಗಳ ಬಗ್ಗೆಯೇ ಇತ್ತು. ಯಾವ ಕಲ್ಲನ್ನು ಯಾವ ಕಾವಿನಲ್ಲಿ ಬೇಯಿಸಿದರೆ ಯಾವ ಖನಿಜಗಳು ಹುಟ್ಟುತ್ತವೆ ಎಂಬುದು ಮನಬಂದಂತೆ ನಡೆಯುವ ವಿಷಯವಲ್ಲ, ಅದಕ್ಕೆ ರಸಾಯನ ವಿಜ್ಞಾನದ ನಿಯಮವಿದೆ ಎಂದು ಅವರು ತೋರಿಸಿದರು. ಅದರಲ್ಲೇ ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿದ್ದರು. ಬರೀ ಕಾವಿನಿಂದ ಬದಲಾದ ಕಲ್ಲು ಒಂದು ಬಗೆ. ಶಿಲಾಪಾಕದಿಂದ ಹೊರಟ ಬಿಸಿ ಆವಿ, ಬಿಸಿ ದ್ರವಗಳು ಹೊತ್ತು ತಂದ ಹೊಸ ವಸ್ತು ಸೇರಿ ಬದಲಾದ ಕಲ್ಲು ಇನ್ನೊಂದು ಬಗೆ. ಅನ್ನ ಬೇಯುವುದಕ್ಕೂ ಚಿತ್ರಾನ್ನ ಆಗುವುದಕ್ಕೂ ಇರುವ ವ್ಯತ್ಯಾಸ ಎನ್ನಿ. ಭೂಮಿಯೊಳಗೆ ಬಿಸಿ ದ್ರವ ಒಂದು ಸಾಗಣೆ ವ್ಯವಸ್ಥೆ ಎಂಬ ಈ ಅರಿವು ನಮ್ಮ ಕಥೆಗೆ ಮುಖ್ಯ.

1914ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಖಾಲಿಯಾದ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದರು, ಆಯ್ಕೆಯೂ ಆದರು. ಕೈಗೆ ಬಂದ ಪ್ರತಿಭೆ ಪಕ್ಕದ ದೇಶಕ್ಕೆ ಹೋಗುವುದನ್ನು ಕಂಡು ಓಸ್ಲೋದವರು ಎಚ್ಚೆತ್ತು, ಸರ್ಕಾರವನ್ನು ಒಪ್ಪಿಸಿ, 26 ವರ್ಷದ ಈ ಯುವಕನಿಗೆ ಪ್ರೊಫೆಸರ್ ಪದವಿ ಮತ್ತು ಖನಿಜ ವಿಜ್ಞಾನ ಸಂಸ್ಥೆಯನ್ನೇ ಕೊಟ್ಟು ಉಳಿಸಿಕೊಂಡರು.

ಯುದ್ಧ ತಂದ ಕೆಲಸ

ಮೊದಲ ಮಹಾಯುದ್ಧ ಬಂತು. ಹೊರಗಿನಿಂದ ಬರುತ್ತಿದ್ದ ಕಚ್ಚಾವಸ್ತುಗಳು ನಿಂತುಹೋದವು. 1917ರಲ್ಲಿ ನಾರ್ವೆ ಸರ್ಕಾರ ದೇಶದೊಳಗೆ ಏನೇನು ಸಿಗುತ್ತದೆ ಎಂದು ಹುಡುಕಲು ಒಂದು ಪ್ರಯೋಗಾಲಯ ತೆರೆದು ಗೋಲ್ಡ್‌ಶ್ಮಿಟ್‌ರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಇವತ್ತು ರೇರ್ ಅರ್ತ್ ವಿಷಯದಲ್ಲಿ ದೇಶದೇಶಗಳು ಪಡುತ್ತಿರುವ ಪರದಾಟ ನೋಡಿದರೆ, ನೂರು ವರ್ಷದ ಹಿಂದಿನ ಆ ಸನ್ನಿವೇಶ ಹೊಸದೇನೂ ಅನಿಸುವುದಿಲ್ಲ. ಅಭ್ರಕದ ಜಾತಿಯ ಕಲ್ಲಿನಿಂದ ಪೊಟ್ಯಾಷ್ ಗೊಬ್ಬರ ತೆಗೆಯಬಹುದೇ, ನಾರ್ವೆಯಲ್ಲಿ ರಾಶಿ ರಾಶಿ ಬಿದ್ದಿರುವ ಹಸಿರು ಆಲಿವಿನ್ ಕಲ್ಲಿನಿಂದ ಕುಲುಮೆಗೆ ಬೇಕಾದ ಇಟ್ಟಿಗೆ ಮಾಡಬಹುದೇ ಎಂದೆಲ್ಲ ಅವರು ಕೆಲಸ ಮಾಡಿದರು. ಆಲಿವಿನ್ ಇಟ್ಟಿಗೆ ಮುಂದೆ ಉದ್ಯಮವೇ ಆಯಿತು.

ಕೆಲಸ ಮಾಡುತ್ತಾ ಮಾಡುತ್ತಾ ಅವರಿಗೆ ಒಂದು ಪ್ರಶ್ನೆ ಕಾಡತೊಡಗಿತು. ಭೂಮಿ ಈ 90 ಚಿಲ್ಲರೆ ಧಾತುಗಳನ್ನು ಹಂಚಿದ್ದು ಯಾವ ಲೆಕ್ಕದಲ್ಲಿ? ನಿಕ್ಕಲ್ ಒಂದು ಕಲ್ಲಿನಲ್ಲಿ, ಲಿಥಿಯಂ ಇನ್ನೊಂದರಲ್ಲಿ, ಸೀರಿಯಂ ಮತ್ತೊಂದರಲ್ಲಿ ಏಕೆ?

ಇದಕ್ಕೆ ಉತ್ತರ ಹುಡುಕಲು ಅವರು ಕೈಗೆತ್ತಿಕೊಂಡ ಸಾಧನ ಎಕ್ಸ್‌ರೇ. ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿದರೆ ಒಳಗೆ ಪರಮಾಣುಗಳು ಹೇಗೆ ಜೋಡಣೆಯಾಗಿವೆ, ಒಂದಕ್ಕೊಂದು ಎಷ್ಟು ದೂರದಲ್ಲಿವೆ ಎಂದು ಅಳೆಯಬಹುದು. ಓಸ್ಲೋದ ತಂಡ 75 ಧಾತುಗಳ ಸುಮಾರು 200 ಸಂಯುಕ್ತಗಳನ್ನು ಹೀಗೆ ಅಳೆಯಿತು. 1926ರಲ್ಲಿ ಗೋಲ್ಡ್‌ಶ್ಮಿಟ್ ಅಯಾನುಗಳ ಗಾತ್ರದ ಪಟ್ಟಿ ಪ್ರಕಟಿಸಿದರು. ಅಯಾನು ಎಂದರೆ ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದುಕೊಂಡ ಪರಮಾಣು.

ಅವರು ಕಂಡುಕೊಂಡ ನಿಯಮ ಕೇಳಲು ಬಲು ಸರಳ. ಒಂದು ಧಾತು ಯಾವ ಖನಿಜದಲ್ಲಿ ಸೇರುತ್ತದೆ ಎನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಅದರ ತೂಕವಲ್ಲ, ಅದರ ಅಯಾನಿನ ಗಾತ್ರ ಮತ್ತು ವಿದ್ಯುದಂಶ. ಇಡ್ಲಿ ತಟ್ಟೆಯ ಗುಂಡಿಗೆ ತಟ್ಟೆ ಇಡ್ಲಿ ಕೂರುವುದಿಲ್ಲ. ಹರಳಿನ ಜಾಲದಲ್ಲೂ ಗುಂಡಿಗಳಿಗೆ ಅಳತೆಯಿದೆ. ಅಳತೆ ಹೊಂದಿದವು ಕೂರುತ್ತವೆ, ಹೊಂದದವು ಹೊರಗೆ ಉಳಿಯುತ್ತವೆ.

ಹೊರಗೆ ಉಳಿದವರ ಗುಂಪು

ಈಗ ಫಾರ್ವರ್ಡ್‌ನ ವಿಷಯಕ್ಕೆ ಬರೋಣ. ಭೂಮಿಯೊಳಗಿನ ಬಂಡೆ ಕರಗಿ ಶಿಲಾಪಾಕವಾಗಿ, ಮತ್ತೆ ತಣ್ಣಗಾಗುವಾಗ ಖನಿಜಗಳು ಒಂದೊಂದಾಗಿ ಹರಳುಗಟ್ಟುತ್ತವೆ. ಮೊದಲು ಹುಟ್ಟುವ ಸಾಮಾನ್ಯ ಖನಿಜಗಳಿಗೆ ಬೇಕಾದ್ದು ಮೆಗ್ನೀಷಿಯಂ, ಕಬ್ಬಿಣದಂಥ ಸಣ್ಣ ಅಯಾನುಗಳು. ರೇರ್ ಅರ್ತ್ ಅಯಾನುಗಳು ಅವಕ್ಕಿಂತ ದೊಡ್ಡವು. ಗಾತ್ರದಲ್ಲಿ ಕ್ಯಾಲ್ಸಿಯಂಗೆ ಹತ್ತಿರ, ಆದರೆ ಕ್ಯಾಲ್ಸಿಯಂನ ವಿದ್ಯುದಂಶ ಎರಡಾದರೆ ಇವುಗಳದ್ದು ಮೂರು. ಹೀಗಾಗಿ ಸಾಮಾನ್ಯ ಖನಿಜಗಳಲ್ಲಿ ಇವಕ್ಕೆ ಸುಲಭವಾಗಿ ಸೀಟು ಸಿಗುವುದಿಲ್ಲ. ಎಲ್ಲರೂ ಹತ್ತಿ ಹೋದ ಮೇಲೂ ಬಸ್ ಸ್ಟ್ಯಾಂಡಿನಲ್ಲಿ ಉಳಿದ ಪ್ರಯಾಣಿಕರಂತೆ, ಇವು ಕೊನೆಯ ದ್ರವದಲ್ಲಿ ಉಳಿಯುತ್ತವೆ. ದ್ರವ ಕಡಿಮೆಯಾದಷ್ಟೂ ಅದರಲ್ಲಿ ಇವುಗಳ ಸಾಂದ್ರತೆ ಹೆಚ್ಚುತ್ತದೆ.

1925ರಲ್ಲಿ ಗೋಲ್ಡ್‌ಶ್ಮಿಟ್ ಇನ್ನೂ ಒಂದು ಸಂಗತಿ ಪ್ರಕಟಿಸಿದರು. ಲ್ಯಾಂಥನಂನಿಂದ ಲುಟೇಶಿಯಂವರೆಗೆ ಪರಮಾಣು ಭಾರವಾಗುತ್ತಾ ಹೋದಂತೆ ಅಯಾನು ದೊಡ್ಡದಾಗಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆಗುವುದು ಅದಕ್ಕೆ ವಿರುದ್ಧ. ಒಂದೊಂದು ಹೆಜ್ಜೆಗೂ ಅಯಾನು ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಇವತ್ತಿನ ಅಳತೆಯಲ್ಲಿ ಲ್ಯಾಂಥನಂ ಅಯಾನಿನ ತ್ರಿಜ್ಯ ಸುಮಾರು 103 ಪಿಕೋಮೀಟರ್, ಲುಟೇಶಿಯಂನದು ಸುಮಾರು 86. ಇದಕ್ಕೆ ಲ್ಯಾಂಥನೈಡ್ ಸಂಕೋಚನ ಎಂದು ಹೆಸರಿಟ್ಟವರು ಅವರೇ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಪದ ನೆನಪಿರಬಹುದು, ಪರೀಕ್ಷೆಗೆ ಬರುತ್ತಿತ್ತು. ಅದರ ಹಿಂದೆ ಇರುವ ಮನುಷ್ಯ ಯಾರೆಂದು ಯಾವ ಗೈಡೂ ಹೇಳಲಿಲ್ಲ.

ಈ ಕೂದಲೆಳೆಯ ವ್ಯತ್ಯಾಸವೇ ಇಂದಿನ ತಲೆನೋವಿನ ಮೂಲ. ಪಕ್ಕಪಕ್ಕದ ಎರಡು ಧಾತುಗಳು ಒಂದೇ ರೀತಿ ವರ್ತಿಸುವುದರಿಂದ ಅವನ್ನು ಒಂದರಿಂದೊಂದು ಬೇರ್ಪಡಿಸಲು ಕಾರ್ಖಾನೆಯಲ್ಲಿ ನೂರಾರು ಹಂತಗಳ ಆಮ್ಲ ಮತ್ತು ದ್ರಾವಕಗಳ ಕೆಲಸ ಬೇಕು. ಚೀನಾದ ಬಲ ಅದಿರಿನಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚಾಗಿ ಈ ಬೇರ್ಪಡಿಸುವ ಕೆಲಸದಲ್ಲಿದೆ.

ಗುರು ಹೆಸರಿಟ್ಟ ವಿಚಿತ್ರ ಬಂಡೆ

ಬ್ರೋಗರ್ ಈಗ ಮತ್ತೆ ಬರುತ್ತಾರೆ. ನಾರ್ವೆಯ ಟೆಲೆಮಾರ್ಕ್ ಪ್ರಾಂತ್ಯದಲ್ಲಿ, ಉಲೆಫಾಸ್ ಎಂಬ ಊರಿನ ಬಳಿ ಫೆನ್ ಎಂಬ ಜಾಗವಿದೆ. 17ನೇ ಶತಮಾನದಿಂದ 1927ರವರೆಗೆ ಅಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. 1921ರಲ್ಲಿ ಬ್ರೋಗರ್ ಅಲ್ಲಿನ ಬಂಡೆಗಳ ಬಗ್ಗೆ ದೊಡ್ಡ ಗ್ರಂಥ ಬರೆದು, ಜಗತ್ತು ಅದುವರೆಗೆ ಒಪ್ಪದಿದ್ದ ಮಾತೊಂದನ್ನು ಹೇಳಿದರು. ನೋಡಲು ಸುಣ್ಣದ ಕಲ್ಲಿನಂತಿರುವ ಈ ಬಂಡೆ ಸಮುದ್ರದ ತಳದಲ್ಲಿ ಹುಟ್ಟಿದ್ದಲ್ಲ, ಭೂಮಿಯ ಆಳದಿಂದ ಕರಗಿದ ಕಾರ್ಬೊನೇಟ್ ಆಗಿಯೇ ಮೇಲೆ ಬಂದದ್ದು ಎಂಬುದು ಆ ಮಾತು. ಅದಕ್ಕೆ ಕಾರ್ಬೊನಟೈಟ್ ಎಂದು ಹೆಸರಿಟ್ಟರು.

ಸುಣ್ಣದ ಕಲ್ಲನ್ನು ಕಾಯಿಸಿದರೆ ಕರಗುವುದಿಲ್ಲ, ಸುಟ್ಟ ಸುಣ್ಣವಾಗುತ್ತದೆ. ಎಲೆ ಅಡಿಕೆಗೆ ಸುಣ್ಣ ಹಚ್ಚುವವರಿಗೆಲ್ಲ ಗೊತ್ತಿರುವ ವಿಷಯ. ಹಾಗಿದ್ದ ಮೇಲೆ ಅದು ಶಿಲಾಪಾಕ ಆಗುವುದು ಹೇಗೆ? ಅಮೆರಿಕದ ನಾರ್ಮನ್ ಬೋವೆನ್ ಆ ಕಾಲದ ಅತಿ ದೊಡ್ಡ ಶಿಲಾಶಾಸ್ತ್ರಜ್ಞರಲ್ಲಿ ಒಬ್ಬರು. ಅವರು ಫೆನ್ ಬಂಡೆಗಳನ್ನು ನೋಡಿ 1924ರಲ್ಲಿ ಬೇರೆಯದೇ ವಾದ ಹೂಡಿದರು. ಇಲ್ಲಿ ಮೊದಲು ಬೇರೆ ಬಂಡೆ ಇತ್ತು, ಬಿಸಿ ದ್ರವಗಳು ಹರಿದು ಅದನ್ನು ಕಾರ್ಬೊನೇಟ್ ಆಗಿ ಬದಲಾಯಿಸಿದವು ಎಂಬುದು ಅವರ ನಿಲುವು.

ಜಗಳ ದಶಕಗಳ ಕಾಲ ನಡೆಯಿತು. 1960ರ ಸುಮಾರಿಗೆ ಪ್ರಯೋಗಾಲಯದಲ್ಲಿ, ನೀರು ಮತ್ತು ಒತ್ತಡ ಇದ್ದರೆ ಕಾರ್ಬೊನೇಟ್ ಕಡಿಮೆ ಕಾವಿನಲ್ಲೇ ಕರಗುತ್ತದೆ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ಟಾಂಜಾನಿಯದ ಓಲ್ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿ ಕಾರ್ಬೊನೇಟ್ ಲಾವಾವನ್ನೇ ಉಗುಳುವುದನ್ನು ಕಣ್ಣಾರೆ ಕಂಡರು. ಬ್ರೋಗರ್ ಗೆದ್ದರು. ಹಾಗೆಂದು ಬೋವೆನ್ ಪೂರ್ತಿ ಸೋಲಲಿಲ್ಲ. ಬಂಡೆಯನ್ನು ತಂದದ್ದು ಶಿಲಾಪಾಕ ನಿಜ. ಆದರೆ ಆ ಬಂಡೆಯೊಳಗಿನ ರೇರ್ ಅರ್ತ್‌ಗಳನ್ನು ಹೊತ್ತು ತಿರುಗಿ, ಕೆಲವೆಡೆ ಗುಡ್ಡೆ ಹಾಕಿದ್ದರಲ್ಲಿ ಬಿಸಿ ದ್ರವಗಳ ಕೈವಾಡ ದೊಡ್ಡದು.

ಅದು ನಡೆಯುವುದು ಹೀಗೆ. ಕಾರ್ಬೊನಟೈಟ್ ಹರಳುಗಟ್ಟುತ್ತಾ ಬಂದಂತೆ ಕ್ಯಾಲ್ಸೈಟ್, ಡೋಲೊಮೈಟ್‌ಗಳು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ನೀರು, ಇಂಗಾಲದ ಡೈಆಕ್ಸೈಡ್, ಸೋಡಿಯಂ, ಪೊಟ್ಯಾಷಿಯಂ, ಕ್ಲೋರಿನ್, ಫ್ಲೋರಿನ್, ಸಲ್ಫೇಟ್ ಎಲ್ಲ ಸೇರಿದ, ನೂರಾರು ಡಿಗ್ರಿ ಬಿಸಿಯ ದಟ್ಟ ಉಪ್ಪುನೀರು. ಜೊತೆಗೆ ಸೀಟು ಸಿಗದ ನಮ್ಮ ಪ್ರಯಾಣಿಕರು. ಈ ದ್ರವ ಬಿರುಕುಗಳಲ್ಲಿ ನುಗ್ಗಿ ಹರಿಯುತ್ತದೆ. ಫಿಲ್ಟರಿನಲ್ಲಿ ಕಾಫಿಪುಡಿಯ ಮೇಲೆ ಬಿಸಿನೀರು ಸುರಿದಾಗ ಸಾರವನ್ನೆಲ್ಲ ಹೀರಿಕೊಂಡು ಡಿಕಾಕ್ಷನ್ ಕೆಳಗಿಳಿಯುವಂತೆ, ಇದು ಹಾದಿಯಲ್ಲಿ ಮೊದಲೇ ಹರಳುಗಟ್ಟಿದ್ದ ಖನಿಜಗಳಿಂದಲೂ ರೇರ್ ಅರ್ತ್ ಕರಗಿಸಿಕೊಳ್ಳುತ್ತದೆ.

ದ್ರವದಲ್ಲಿ ಈ ಧಾತುಗಳು ಒಂಟಿಯಾಗಿ ಹೋಗುವುದಿಲ್ಲ, ಕೈಹಿಡಿದು ನಡೆಸುವವರು ಬೇಕು. ಬಹಳ ಕಾಲ ಆ ಕೆಲಸ ಫ್ಲೋರೈಡಿನದು ಎಂದು ನಂಬಿದ್ದರು. ರೇರ್ ಅರ್ತ್ ಗಣಿಗಳ ಬಳಿ ಫ್ಲೋರಿನ್ ಖನಿಜಗಳು ಹೇರಳವಾಗಿ ಕಾಣುವುದೇ ಆ ನಂಬಿಕೆಗೆ ಕಾರಣ. ಕಳೆದ ಎರಡು ದಶಕಗಳಲ್ಲಿ ಅಷ್ಟೇ ಕಾವು, ಅಷ್ಟೇ ಒತ್ತಡದಲ್ಲಿ ನಡೆಸಿದ ಪ್ರಯೋಗಗಳು ಚಿತ್ರವನ್ನು ತಲೆಕೆಳಗು ಮಾಡಿವೆ. ಹೊತ್ತು ಸಾಗಿಸುವುದರಲ್ಲಿ ಕ್ಲೋರೈಡ್ ಮತ್ತು ಸಲ್ಫೇಟ್ ಮುಂದು. ಫ್ಲೋರೈಡ್ ಹೆಚ್ಚಾಗಿ ಮಾಡುವುದು ಹಿಡಿದು ಕೂರಿಸುವ ಕೆಲಸ. ಅದು ಸಿಕ್ಕಿದೊಡನೆ ರೇರ್ ಅರ್ತ್ ಅದಕ್ಕೆ ಅಂಟಿಕೊಂಡು ಗಟ್ಟಿಯಾಗಿ ತಳ ಸೇರುತ್ತದೆ. ಕಳ್ಳತನ ನಡೆದ ಜಾಗದಲ್ಲಿ ಪೊಲೀಸರನ್ನು ಕಂಡು ಅವರೇ ಕಳ್ಳರು ಎಂದುಕೊಂಡ ಹಾಗೆ ಆಗಿತ್ತು ಹಿಂದಿನ ಲೆಕ್ಕ.

ಗೀಸರಿನೊಳಗೆ, ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ನೀರಿನಲ್ಲಿ ಕರಗಿದ್ದದ್ದು ಪರಿಸ್ಥಿತಿ ಬದಲಾದಾಗ ಹೊರಬೀಳುತ್ತದೆ. ಭೂಮಿಯೊಳಗೂ ಹಾಗೆಯೇ. ದ್ರವ ತಣ್ಣಗಾದಾಗ, ಸುಣ್ಣದ ಅಂಶವಿರುವ ಬಂಡೆಗೆ ತಾಗಿ ಅದರ ಆಮ್ಲೀಯತೆ ಕುಗ್ಗಿದಾಗ, ಅಥವಾ ಫ್ಲೋರಿನ್, ರಂಜಕ, ಕಾರ್ಬೊನೇಟ್ ಎದುರಾದಾಗ ಹೊತ್ತು ತಂದ ಹೊರೆಯನ್ನು ಇಳಿಸುತ್ತದೆ. ಬಾಸ್ಟ್ನಸೈಟ್, ಮೊನಜೈಟ್ ಎಂಬ ಖನಿಜಗಳು ಹುಟ್ಟುತ್ತವೆ. ಇಲ್ಲೂ ಗೋಲ್ಡ್‌ಶ್ಮಿಟ್‌ರ ಕೂದಲೆಳೆ ಕೆಲಸ ಮಾಡುತ್ತದೆ. ಲ್ಯಾಂಥನಂ, ಸೀರಿಯಂನಂಥ ದೊಡ್ಡ ಗಾತ್ರದ ಹಗುರ ಧಾತುಗಳನ್ನು ಕಾದ ದ್ರವದಲ್ಲಿ ಕ್ಲೋರೈಡ್ ಬಿಗಿಯಾಗಿ ಹಿಡಿಯುತ್ತದೆ, ಅವು ದೂರ ಹೋಗುತ್ತವೆ. ಭಾರದವು ಬೇಗ ಕೈಬಿಡುತ್ತವೆ. ಒಂದೇ ಗಣಿಯಲ್ಲಿ ಒಂದು ಮೂಲೆಯ ಅದಿರು ಇನ್ನೊಂದು ಮೂಲೆಯಂತೆ ಇರದಿರಲು ಇದೂ ಒಂದು ಕಾರಣ.

ಎಲ್ಲ ಕಡೆಯೂ ಹೀಗೇ ಎಂದು ನಾವು ಹೇಳುವುದಿಲ್ಲ. ಕ್ಯಾಲಿಫೋರ್ನಿಯದ ಮೌಂಟನ್ ಪಾಸ್ ಗಣಿಯಲ್ಲಿ ಬಾಸ್ಟ್ನಸೈಟ್ ಬಹುಪಾಲು ಶಿಲಾಪಾಕದಿಂದಲೇ ಹರಳುಗಟ್ಟಿದೆ. ಜಗತ್ತಿನ ಅತಿ ದೊಡ್ಡ ರೇರ್ ಅರ್ತ್ ನಿಕ್ಷೇಪವಾದ ಚೀನಾದ ಬಯಾನ್ ಓಬೊದಲ್ಲಿ ಬಿಸಿ ದ್ರವಗಳು ಮತ್ತೆ ಮತ್ತೆ ಹರಿದು ಎಲ್ಲವನ್ನೂ ಕಲಸಿವೆ. ಫೆನ್‌ನಲ್ಲಿ ಹಳೆಯ ಗಣಿಗಾರರು ತೆಗೆಯುತ್ತಿದ್ದ ಕೆಂಪು ಕಬ್ಬಿಣದ ಬಂಡೆಯೇ ಬಿಸಿ ದ್ರವಗಳು ಕಾರ್ಬೊನಟೈಟನ್ನು ತುಕ್ಕು ಹಿಡಿಸಿದ್ದರ ಫಲ. ನಮ್ಮ ದೇಶದಲ್ಲಿ ಗುಜರಾತಿನ ಅಂಬಾ ಡೊಂಗರ್ ಗುಡ್ಡದಲ್ಲಿ ಉಂಗುರದಂತೆ ನಿಂತಿರುವ ಕಾರ್ಬೊನಟೈಟ್ ಇದೆ, ಅದರ ಅಂಚಿನಲ್ಲಿ ಬಿಸಿ ದ್ರವಗಳು ಕಟ್ಟಿದ ಫ್ಲೋರೈಟ್ ಇದೆ. ಅಂದ ಮೇಲೆ ಚೀನಾದಲ್ಲಿ ಮಾತ್ರ ಎಂಬ ಮಾತು ಅಲ್ಲಿಗೆ ಬಿತ್ತು. ಫೆನ್‌ನಲ್ಲೇ 88 ಲಕ್ಷ ಟನ್ ರೇರ್ ಅರ್ತ್ ಆಕ್ಸೈಡ್ ಇದೆ ಎಂದು ಅಲ್ಲಿ ಹುಡುಕುತ್ತಿರುವ ಕಂಪನಿ 2024ರಲ್ಲಿ ಅಂದಾಜು ಪ್ರಕಟಿಸಿತು. ಅಂದಾಜಿಗೂ ಗಣಿಗೂ ನಡುವೆ ಬಹಳ ದೂರವಿದೆ ಎಂಬುದನ್ನೂ ಸೇರಿಸಿ ಓದಿ.

ಬೋರ್ಡು, ಹಡಗು, ಗಡಿ

1929ರಲ್ಲಿ ಗೋಲ್ಡ್‌ಶ್ಮಿಟ್ ಜರ್ಮನಿಯ ಗಟಿಂಗೆನ್‌ಗೆ ಹೋದರು. ಆಗ ಅದು ವಿಜ್ಞಾನದ ಕಾಶಿ. ಬಂಡೆ, ಉಲ್ಕೆ, ಕಲ್ಲಿದ್ದಲಿನ ಬೂದಿ ಯಾವುದನ್ನೂ ಬಿಡದೆ ಅತಿ ಸಣ್ಣ ಪ್ರಮಾಣದ ಧಾತುಗಳನ್ನೂ ಅಳೆಯುವ ವಿಧಾನಗಳನ್ನು ಅವರ ತಂಡ ರೂಪಿಸಿತು. ಸೀರಿಯಂ ಎಷ್ಟು, ಚಿನ್ನ ಎಷ್ಟು ಎಂದು ನಾವು ಮೇಲೆ ಕೊಟ್ಟಂಥ ಲೆಕ್ಕಗಳಿಗೆ ಭದ್ರ ತಳಪಾಯ ಬಿದ್ದದ್ದು ಇಂಥ ಕೆಲಸದಿಂದ.

ಅವರು ಯಹೂದಿ ಕುಟುಂಬದವರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಎರಡು ವರ್ಷ ಹೇಗೋ ಕಳೆಯಿತು. 1935ರಲ್ಲಿ ಅವರ ಸಂಸ್ಥೆಯ ಹತ್ತಿರವೇ ಯಹೂದಿಗಳು ಇಲ್ಲಿ ಬೇಡ ಎಂಬ ಬೋರ್ಡು ಬಂತು. ಗೋಲ್ಡ್‌ಶ್ಮಿಟ್ ರಾಜೀನಾಮೆ ಕೊಟ್ಟು, ವಯಸ್ಸಾದ ತಂದೆಯನ್ನು ಕರೆದುಕೊಂಡು ಓಸ್ಲೋಗೆ ಮರಳಿದರು. ಕಟ್ಟಿದ ಪ್ರಯೋಗಾಲಯ ಅಲ್ಲೇ ಉಳಿಯಿತು. ತಂದೆ 1937ರಲ್ಲಿ ತೀರಿಕೊಂಡರು. ಮದುವೆಯಾಗದ ಮಗ ಒಂಟಿಯಾದರು. ಮರುವರ್ಷ, 1938ರಲ್ಲಿ, ವಿಶ್ವದಲ್ಲಿ ಯಾವ ಧಾತು ಎಷ್ಟಿದೆ ಎಂಬ ಪಟ್ಟಿ ಪ್ರಕಟಿಸಿದರು. ಪರಮಾಣು ಬೀಜದ ರಚನೆಯನ್ನು ವಿವರಿಸಿ ನೊಬೆಲ್ ಪಡೆದ ಮರಿಯಾ ಗೋಪರ್ಟ್ ಮೇಯರ್‌ಗೆ ಮುಂದೆ ಅದೇ ಅಂಕಿಗಳು ನೆರವಾದವು.

1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ನಾರ್ವೆಗೂ ಬಂತು. ಯಾವುದರಿಂದ ಓಡಿ ಬಂದಿದ್ದರೋ ಅದೇ ಮನೆಬಾಗಿಲಿಗೆ ಬಂದು ನಿಂತಿತು. ಆ ದಿನಗಳಲ್ಲಿ ಗೋಲ್ಡ್‌ಶ್ಮಿಟ್ ಜೇಬಿನಲ್ಲಿ ವಿಷ ಇಟ್ಟುಕೊಂಡೇ ಓಡಾಡುತ್ತಿದ್ದರಂತೆ. ಸಹೋದ್ಯೋಗಿಯೊಬ್ಬರು ತಮಗೂ ಬೇಕೆಂದಾಗ ಅದು ರಸಾಯನ ವಿಜ್ಞಾನದವರಿಗೆ ಮಾತ್ರ ಎಂದು ತಮಾಷೆ ಮಾಡಿ ಕಳಿಸಿದರಂತೆ. ಈ ಕಥೆ ಬಹಳ ಕಡೆ ಬರುತ್ತದೆ, ಹೆಚ್ಚಾಗಿ ಅವರ ಹಾಸ್ಯಪ್ರಜ್ಞೆಗೆ ಉದಾಹರಣೆಯಾಗಿ. ನಮಗೆ ಅದರಲ್ಲಿ ಕಾಣುವುದು ಹಾಸ್ಯಕ್ಕಿಂತ ಭಯ.

1942ರ ಅಕ್ಟೋಬರ್‌ನಲ್ಲಿ ನಾರ್ವೆಯ ಯಹೂದಿ ಗಂಡಸರನ್ನೆಲ್ಲ ಬಂಧಿಸಿದಾಗ ಅವರನ್ನೂ ಹಿಡಿದು ಬೆರ್ಗ್ ಎಂಬ ಶಿಬಿರಕ್ಕೆ ಹಾಕಿದರು. ಆರೋಗ್ಯ ಕೆಟ್ಟಿತ್ತು. ಬಿಟ್ಟರು, ಮತ್ತೆ ಹಿಡಿದರು. ನವೆಂಬರ್ 26ರಂದು ಓಸ್ಲೋ ಬಂದರಿನಲ್ಲಿ ಡೊನಾವ್ ಎಂಬ ಹಡಗು ನಿಂತಿತ್ತು. ಗಂಡಸರು, ಹೆಂಗಸರು, ಮಕ್ಕಳು ಸೇರಿ 500ಕ್ಕೂ ಹೆಚ್ಚು ಯಹೂದಿಗಳನ್ನು ಅದಕ್ಕೆ ಹತ್ತಿಸಿದರು. ಗೋಲ್ಡ್‌ಶ್ಮಿಟ್ ಕೂಡ ಬಂದರಿನವರೆಗೆ ಹೋಗಿದ್ದರು. ಕೊನೆಯ ಗಳಿಗೆಯಲ್ಲಿ ಅವರನ್ನು ಹೊರಗೆ ಕರೆದರು. ಸಹೋದ್ಯೋಗಿಗಳು ಮಾಡಿದ ಮನವಿ, ಇವರ ವಿದ್ಯೆ ದೇಶಕ್ಕೆ ಬೇಕು ಎಂಬ ಕಾರಣ ಕೆಲಸ ಮಾಡಿತ್ತು. ಹಡಗು ಹೊರಟಿತು. ಅದರಲ್ಲಿ ಹೋದವರನ್ನು ಆಶ್ವಿಟ್ಜ್‌ಗೆ ಸಾಗಿಸಲಾಯಿತು, ಬದುಕಿ ಮರಳಿದವರು ಬೆರಳೆಣಿಕೆಯಷ್ಟು ಮಂದಿ.

ವಿದ್ಯೆ ಇದ್ದವರೊಬ್ಬರನ್ನು ಉಳಿಸಿದರು ಎಂಬ ಸಮಾಧಾನದ ಜೊತೆಗೆ, ಅದೇ ಸಾಲಿನಲ್ಲಿ ನಿಂತಿದ್ದ ಉಳಿದವರ ಪರವಾಗಿ ಹಾಗೆ ಹೇಳುವವರು ಇರಲಿಲ್ಲ ಎಂಬುದನ್ನು ಬಿಟ್ಟು ಈ ಘಟನೆಯನ್ನು ಬರೆಯಲು ನಮಗೆ ಮನಸ್ಸಾಗಲಿಲ್ಲ.

ಕೆಲವೇ ದಿನಗಳಲ್ಲಿ, ಡಿಸೆಂಬರ್‌ನಲ್ಲಿ, ಗೆಳೆಯರ ನೆರವಿನಿಂದ ಅವರು ಗಡಿ ದಾಟಿ ಸ್ವೀಡನ್ ಸೇರಿದರು. 1943ರ ಮಾರ್ಚ್‌ನಲ್ಲಿ ಬ್ರಿಟನ್. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದ ಮಣ್ಣು ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಕೆಲಸ ಮಾಡಿದರು. ಬಂಡೆಯಿಂದ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ ಧಾತುಗಳು ಸಾಗುವ ದಾರಿ ಅಲ್ಲಿ ಅವರ ವಿಷಯ. ಭೂರಸಾಯನ ವಿಜ್ಞಾನದ ಬಗ್ಗೆ ದೊಡ್ಡ ಪುಸ್ತಕವೊಂದನ್ನೂ ಬರೆಯುತ್ತಿದ್ದರು. ಶಿಬಿರದಲ್ಲಿ ಹಾಳಾದ ದೇಹ ಮಾತ್ರ ಸರಿಹೋಗಲಿಲ್ಲ. 1946ರಲ್ಲಿ ಓಸ್ಲೋಗೆ ಮರಳಿದರು, 1947ರ ಮಾರ್ಚ್ 20ರಂದು ತೀರಿಕೊಂಡರು. 59 ವರ್ಷ ವಯಸ್ಸು. ತಾವು ಜೀವಮಾನವಿಡೀ ಇಷ್ಟಪಟ್ಟ ಹಸಿರು ಆಲಿವಿನ್ ಕಲ್ಲಿನಲ್ಲೇ ಚಿತಾಭಸ್ಮದ ಕರಂಡಕವನ್ನು ಮೊದಲೇ ಮಾಡಿಸಿಟ್ಟಿದ್ದರು.

ಅರ್ಧಕ್ಕೆ ನಿಂತ ಪುಸ್ತಕವನ್ನು ಅಲೆಕ್ಸ್ ಮುಯಿರ್ ಎಂಬುವರು ಸಂಪಾದಿಸಿ 1954ರಲ್ಲಿ ಹೊರತಂದರು. ಬ್ರೋಗರ್ ಮತ್ತು ಬೋವೆನ್ ನಡುವಿನ ಜಗಳ ಬಗೆಹರಿಯುವುದನ್ನು ನೋಡಲು ಗೋಲ್ಡ್‌ಶ್ಮಿಟ್ ಇರಲಿಲ್ಲ. ಅವರು ಅಳೆದ ಲೋಹಗಳಿಂದ ಜೇಬಿನ ಫೋನ್ ನಡುಗುವುದನ್ನೂ ನೋಡಲಿಲ್ಲ.

2019ರಲ್ಲಿ ದಕ್ಷಿಣ ಆಫ್ರಿಕದ ಕಾಫಿಫಾಂಟೈನ್ ಗಣಿಯ ವಜ್ರವೊಂದರೊಳಗೆ ಕಡು ಹಸಿರು ಬಣ್ಣದ ಪುಟ್ಟ ಹರಳೊಂದು ಸಿಕ್ಕಿದ್ದು ವರದಿಯಾಯಿತು. ಪೊಟ್ಯಾಷಿಯಂ, ನಿಯೋಬಿಯಂ ಜೊತೆಗೆ ರೇರ್ ಅರ್ತ್ ಧಾತುಗಳೂ ಅದರಲ್ಲಿದ್ದವು. ಎಲ್ಲವೂ ಸಾಮಾನ್ಯ ಖನಿಜಗಳಲ್ಲಿ ಸೀಟು ಸಿಗದೆ ಕೊನೆಯ ದ್ರವದಲ್ಲಿ ಉಳಿಯುವವೇ. ಆ ಹೊಸ ಖನಿಜಕ್ಕೆ ಗೋಲ್ಡ್‌ಶ್ಮಿಟೈಟ್ ಎಂದು ಹೆಸರಿಟ್ಟಿದ್ದಾರೆ.